ಕಹಳೆಯ ಪಕ್ಕ ನಿಂತ ಮನುಷ್ಯ

(ಮೈಸೂರಿನಲ್ಲಿ ಸಂಗೀತ ಪ್ರಿಯರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾವು ಕೂತಿರುವ ಈ ಜಾಗದಿಂದ ಕೆ.ಆರ್. ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. 1930ರ ಜನವರಿ 17ರಂದು ಅಲ್ಲಿ ಒಬ್ಬ ಹೆಂಗಸು ತೀರಿಕೊಂಡರು. ಆಕೆ ಮೈಸೂರಿಗೆ ಬಂದು ಒಂದೂವರೆ ವರ್ಷ ಆಗಿತ್ತು ಅಷ್ಟೆ. ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನದಲ್ಲಿ ಗಾಯಕಿಯಾಗಿ ಜಾಗ ಕೊಟ್ಟು, ತಿಂಗಳಿಗೆ 500 ರೂಪಾಯಿ ಸಂಬಳ ಗೊತ್ತು ಮಾಡಿದ್ದರು. ಒಂದು ಕಾಲಕ್ಕೆ ಇಡೀ ಹಿಂದೂಸ್ತಾನವೇ ಆಕೆಯ ಹೆಸರು ಹೇಳುತ್ತಿತ್ತು. ಗೌಹರ್ ಜಾನ್.

ಗೌಹರ್ ಬಗ್ಗೆ ಮೈಸೂರಿನವರಿಗೆ ನಾನು ಹೇಳುವುದು ಜಾಸ್ತಿ ಏನಿಲ್ಲ. ನನ್ನ ಮಾತು ಆಕೆಯ ಎದುರಿಗೆ ಯಂತ್ರ ಇಟ್ಟುಕೊಂಡು ನಿಂತಿದ್ದ ಒಬ್ಬ ಅಮೆರಿಕದ ಹುಡುಗನ ಬಗ್ಗೆ. ಹೆಸರು ಫ್ರೆಡ್ ಗೈಸ್‌ಬರ್ಗ್. ಪ್ರಪಂಚದ ಮೊದಲ ಸಂಗೀತ ನಿರ್ಮಾಪಕ ಯಾರು ಅಂತ ಕೇಳಿದರೆ ತುಂಬಾ ಜನ ಹೇಳುವುದು ಇವನ ಹೆಸರನ್ನೇ. ಏಕವಚನದಲ್ಲಿ ಕರೆಯುತ್ತಿದ್ದೇನೆ, ಕ್ಷಮಿಸಿ. ಬಹಳ ವರ್ಷದಿಂದ ಇವನ ಬೆನ್ನು ಹತ್ತಿ ಓದಿ ಓದಿ ಸಲಿಗೆ ಬಂದುಬಿಟ್ಟಿದೆ.

ಮೊದಲು ಆ ಪದದ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮಲ್ಲಿ ನಿರ್ಮಾಪಕ ಅಂದ ತಕ್ಷಣ ಕಣ್ಣಿಗೆ ಬರುವುದು ಸಿನಿಮಾಕ್ಕೆ ದುಡ್ಡು ಹಾಕುವವನು. ಸಂಗೀತದಲ್ಲಿ ಹಾಗಲ್ಲ. ಯಾರ ಕೈಲಿ ಹಾಡಿಸಬೇಕು, ಏನು ಹಾಡಿಸಬೇಕು, ಎಲ್ಲಿ ಕೂರಿಸಬೇಕು, ಹೆದರಿದವರಿಗೆ ಹೇಗೆ ಧೈರ್ಯ ಹೇಳಬೇಕು, ಯಾವ ಸಲದ್ದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು. ಇದನ್ನೆಲ್ಲ ನೋಡಿಕೊಳ್ಳುವವನು ನಿರ್ಮಾಪಕ. ಗೈಸ್‌ಬರ್ಗ್ ಈ ಕೆಲಸ ಶುರು ಮಾಡಿದಾಗ ಅದಕ್ಕೆ ಹೆಸರೇ ಇರಲಿಲ್ಲ.

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಗ್ರಾಮಫೋನ್ ಇತ್ತು. ಕೀಲಿ ಕೊಡುವ ಕೆಲಸ ನನ್ನದು. ಪ್ರತಿ ಪ್ಲೇಟಿಗೂ ಮುಳ್ಳು ಬದಲಾಯಿಸಬೇಕು. ಶಬ್ದ ಜಾಸ್ತಿ ಅನ್ನಿಸಿದರೆ ಮಾವ ಕಹಳೆಯೊಳಗೆ ಪಂಚೆ ತುರುಕುತ್ತಿದ್ದರು, ಅಷ್ಟೇ ನಮ್ಮ ವಾಲ್ಯೂಮ್ ಕಂಟ್ರೋಲು. ಒಂದು ಸಲ ಕುರ್ಚಿ ಮೇಲಿದ್ದ ಪ್ಲೇಟಿನ ಮೇಲೆ ನಾನು ಕೂತುಬಿಟ್ಟೆ. ಹಪ್ಪಳ ಮುರಿದ ಹಾಗೆ ಶಬ್ದ ಬಂತು. ಮಾವ ಬೈಯಲಿಲ್ಲ. ಒಂದು ಚೂರು ಎತ್ತಿ ಸೀಮೆಎಣ್ಣೆ ದೀಪಕ್ಕೆ ಹಿಡಿದು, "ವಾಸನೆ ನೋಡು, ಇದು ಅರಗು" ಅಂದರು. ನಿಜ. ಆ ಕಾಲದ ಪ್ಲೇಟುಗಳಿಗೆ ಅರಗೇ ಬೇಕಿತ್ತು, ಅದರ ಬಹುಪಾಲು ಹೋಗುತ್ತಿದ್ದದ್ದು ಭಾರತದ ಕಾಡುಗಳಿಂದ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗೇ. ಜರ್ಮನಿಯ ಕಾರ್ಖಾನೆಗೆ ನಮ್ಮ ಅರಗು ಹೋಗಿ, ಅದರ ಮೇಲೆ ನಮ್ಮದೇ ಹಾಡು ಅಚ್ಚಾಗಿ ವಾಪಸ್ ಬರುತ್ತಿತ್ತು. ಅದಕ್ಕೆ ನಾವೇ ದುಡ್ಡು ಕೊಡುತ್ತಿದ್ದೆವು.

ಇರಲಿ, ಗೈಸ್‌ಬರ್ಗ್‌ಗೆ ಬರೋಣ. ಹುಟ್ಟಿದ್ದು 1873ರ ಜನವರಿ 1, ಅಮೆರಿಕದ ವಾಷಿಂಗ್ಟನ್ನಿನಲ್ಲಿ. ಜರ್ಮನಿಯಿಂದ ವಲಸೆ ಬಂದ ಕುಟುಂಬ. ಚಿಕ್ಕಂದಿನಿಂದಲೇ ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದ. ಹದಿಹರೆಯದಲ್ಲೇ ಕೊಲಂಬಿಯಾ ಕಂಪನಿಯ ಸಿಲಿಂಡರ್ ಧ್ವನಿಮುದ್ರಣಕ್ಕೆ ಪಿಯಾನೊ ನುಡಿಸಲು ಹೋಗುತ್ತಿದ್ದ. ಆಗಿನ ಮೇಣದ ಸಿಲಿಂಡರನ್ನು ಇಂದಿನ ಹಾಗೆ ಸಾವಿರಗಟ್ಟಲೆ ನಕಲು ಮಾಡಲು ಬರುತ್ತಿರಲಿಲ್ಲ. ಮೂರ್ನಾಲ್ಕು ಯಂತ್ರ ಎದುರಿಗೆ ಇಟ್ಟು ಹಾಡಬೇಕು, ಮುಗಿದ ಮೇಲೆ ಹೊಸ ಸಿಲಿಂಡರ್ ಹಾಕಿ ಅದೇ ಹಾಡನ್ನು ಮತ್ತೆ ಹಾಡಬೇಕು. ಬೆಳಗಿನಿಂದ ಸಂಜೆವರೆಗೆ ಅದೇ ಹಾಡು. ಯಾರು ಎಷ್ಟು ಹೊತ್ತಿಗೆ ಸುಸ್ತಾಗುತ್ತಾರೆ, ಯಾರ ದನಿ ಯಂತ್ರಕ್ಕೆ ಒಗ್ಗುತ್ತದೆ, ಯಾರದ್ದು ಒಗ್ಗುವುದಿಲ್ಲ ಅನ್ನುವುದು ಅವನಿಗೆ ತಿಳಿದದ್ದು ಈ ಜೀತದಲ್ಲೇ ಅಂತ ನನಗೆ ಅನ್ನಿಸುತ್ತದೆ.

ಆಮೇಲೆ ಎಮಿಲ್ ಬರ್ಲಿನರ್ ಸಿಕ್ಕ. ಚಪ್ಪಟೆ ತಟ್ಟೆಯ ಗ್ರಾಮಫೋನ್ ಕಂಡುಹಿಡಿದವನು. ಬಿಲ್ಲಿ ಗೋಲ್ಡನ್ ಅನ್ನುವ ಹಾಡುಗಾರನ ಜೊತೆ ಮೊದಲ ಸಲ ಅವನನ್ನು ನೋಡಲು ಹೋದಾಗ ಕಂಡದ್ದನ್ನು ಗೈಸ್‌ಬರ್ಗ್ ಬಲು ಸೊಗಸಾಗಿ ಬರೆದಿದ್ದಾನೆ. ಬರ್ಲಿನರ್ ಸನ್ಯಾಸಿಯ ಹಾಗೆ ಉದ್ದನೆ ನಿಲುವಂಗಿ ಹಾಕಿಕೊಂಡು ಓಡಾಡುತ್ತಿದ್ದ. ಗೋಲ್ಡನ್ ಬಾಯಿಗೆ ನಾಯಿಗೆ ಹಾಕುವ ಬಾಯಿಕುಕ್ಕೆಯಂಥದ್ದೊಂದನ್ನು ತೊಡಿಸಿ, ಅದಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿದ. ಪಿಯಾನೊದ ಬೆನ್ನಿಗೂ ಪೆಟ್ಟಿಗೆ ಮುಚ್ಚಿ ಇನ್ನೊಂದು ಕೊಳವೆ. ಹಾಡು ಅಂದ, ಇವರು ಹಾಡಿದರು, ನುಡಿಸಿದರು. ಮೇಣ ಸವರಿದ ಸತುವಿನ ತಟ್ಟೆಯನ್ನು ಆಮ್ಲದಲ್ಲಿ ಅದ್ದಿ ತೆಗೆದು, ತೊಳೆದು ಮುಳ್ಳು ಇಟ್ಟರೆ ಅದೇ ಹಾಡು! ಅಂಥ ತಟ್ಟೆಯಿಂದ ಅಚ್ಚು ಮಾಡಿಕೊಂಡರೆ ನಾಣ್ಯ ಒತ್ತಿದ ಹಾಗೆ ಎಷ್ಟು ಬೇಕಾದರೂ ಒತ್ತಬಹುದು. ದಿನವಿಡೀ ಒಂದೇ ಹಾಡು ನುಡಿಸಿದ್ದ ಹುಡುಗನಿಗೆ ಇದರ ಬೆಲೆ ಗೊತ್ತಾಗದೇ ಇರುತ್ತದಾ?

1898ರ ಜುಲೈನಲ್ಲಿ ಬರ್ಲಿನರ್ ಅವನನ್ನು ಲಂಡನ್ನಿಗೆ ಹಡಗು ಹತ್ತಿಸಿದ. ವಯಸ್ಸು 25. ಸಾಮಾನು ಅಂದರೆ ಮುದ್ರಣದ ಯಂತ್ರ, 25 ಡಾಲರಿನ ಒಂದು ಸೈಕಲ್ಲು, ಬರ್ಲಿನರ್ ಕೈಯಾರೆ ಬರೆದುಕೊಟ್ಟ ಒಂದು ಟಿಪ್ಪಣಿ ಪುಸ್ತಕ. ಮೇಡನ್ ಲೇನ್ ಅನ್ನುವ ಗಲ್ಲಿಯಲ್ಲಿ ಹಳೇ ಹೋಟೆಲೊಂದರ ಕೋಣೆಯಲ್ಲಿ ಸ್ಟುಡಿಯೋ ಶುರುವಾಯಿತು. ದೊಡ್ಡ ಗಾಯಕರು ಯಾರೂ ಬರಲಿಲ್ಲ. ಅವರ ಕಣ್ಣಿಗೆ ಇದು ಜಾತ್ರೆಯ ಆಟಿಕೆ. ಪಕ್ಕದಲ್ಲೇ ರೂಲ್ಸ್ ಅಂತ ಒಂದು ರೆಸ್ಟೋರೆಂಟು, ಈಗಲೂ ಇದೆ. ಅಲ್ಲಿ ಮದ್ಯ ಹಂಚುತ್ತಿದ್ದ ಸಿರಿಯಾ ಲಮೊಂಟ್ ಎಂಬ ಹೆಂಗಸು ಹಾಡುತ್ತಾಳೆ ಅಂತ ಗೊತ್ತಾಗಿ ಅವಳನ್ನೇ ಕರೆತಂದು ಹಾಡಿಸಿದ. ಲಂಡನ್ನಿನ ಆ ಸ್ಟುಡಿಯೋದ ಮೊದಲ ದನಿಗಳಲ್ಲಿ ಅವಳದೂ ಒಂದು. ದೊಡ್ಡವರಿಗಾಗಿ ಕಾಯುತ್ತ ಕೂರುವ ಪೈಕಿ ಅಲ್ಲ ಈ ಹುಡುಗ.

ಅದೇ ಮೇಡನ್ ಲೇನಿಗೆ ಮಾರನೇ ವರ್ಷ ಫ್ರಾನ್ಸಿಸ್ ಬರೋ ಎಂಬ ಚಿತ್ರಕಾರ ಒಂದು ಹಿತ್ತಾಳೆ ಕಹಳೆ ಎರವಲು ಕೇಳಿಕೊಂಡು ಬಂದ. ಯಂತ್ರದ ಮುಂದೆ ಕಿವಿಗೊಟ್ಟು ಕೂತ ನಾಯಿಯ ಚಿತ್ರ ಬರೆದಿದ್ದ. ಉಳಿದ ಕತೆ ನಿಮಗೆ ಗೊತ್ತೇ ಇದೆ. ಎಚ್.ಎಂ.ವಿ. ಪ್ಲೇಟುಗಳ ಮೇಲಿನ ಆ ನಾಯಿಯನ್ನು ನೋಡದ ಮನೆಯೇ ನಮ್ಮಲ್ಲಿ ಇರಲಿಲ್ಲ.

ಈಗ ಆ ಕಾಲದ ಮುದ್ರಣ ಹೇಗಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲ್ಲದಿದ್ದರೆ ಇವನ ಕೆಲಸ ಅರ್ಥವಾಗುವುದಿಲ್ಲ. ಮೈಕ್ ಇಲ್ಲ. ಕರೆಂಟ್ ಇಲ್ಲ. ಗೋಡೆಯಿಂದ ಒಂದು ಕಹಳೆಯ ಬಾಯಿ ಹೊರಗೆ ಬಂದಿರುತ್ತದೆ, ಅದರ ಹಿಂದೆ ಒಂದು ತೆಳು ಪೊರೆ, ಪೊರೆಗೆ ಮುಳ್ಳು, ಮುಳ್ಳಿನ ಕೆಳಗೆ ತಿರುಗುವ ಮೇಣದ ತಟ್ಟೆ. ತಟ್ಟೆಯನ್ನು ತಿರುಗಿಸುವುದು ಮೇಲಿಂದ ನಿಧಾನಕ್ಕೆ ಇಳಿಯುವ ತೂಕದ ಗುಂಡು, ಹಳೇ ಗೋಡೆ ಗಡಿಯಾರದ ಹಾಗೆ. ಮುದ್ರಣ ಆಗುವುದು ಬರೀ ಹಾಡುವವರ ಉಸಿರಿನ ಬಲದಿಂದ. ಮೆಲ್ಲಗೆ ಹಾಡಿದರೆ ಗೆರೆ ಬೀಳುವುದಿಲ್ಲ. ಜೋರಾಗಿ ತಾರಕ್ಕೆ ಹೋದರೆ ಮುಳ್ಳು ಹಾರಿ ತಟ್ಟೆ ಹಾಳು. ಪಿಯಾನೊದ ದನಿ ಕಹಳೆಗೆ ತಾಗಬೇಕು ಅಂತ ಅದನ್ನು ಖಾಲಿ ಪೆಟ್ಟಿಗೆಗಳ ಮೇಲೆ ಏರಿಸಿ ಇಡುತ್ತಿದ್ದರು.

ಹಾಗಾಗಿ ಹಾಡುವವರ ಪಕ್ಕ ಒಬ್ಬ ನಿಲ್ಲಬೇಕು. ದನಿ ತಗ್ಗುವ ಕಡೆ ಬೆನ್ನ ಮೇಲೆ ಕೈಯಿಟ್ಟು ಕಹಳೆಯ ಹತ್ತಿರ ತಳ್ಳಬೇಕು, ಏರುವ ಕಡೆ ಭುಜ ಹಿಡಿದು ಹಿಂದಕ್ಕೆ ಎಳೆಯಬೇಕು. ಇವತ್ತು ಗಾಜಿನ ಆಚೆ ಕೂತು ಗುಬಟು ತಿರುಗಿಸಿ ಮಾಡುವುದನ್ನು ಆಗ ಮೈ ಹಿಡಿದೇ ಮಾಡಬೇಕಿತ್ತು. ಯೋಚಿಸಿ, ರಾಜರಾಣಿಯರ ಮುಂದೆ ಹಾಡಿದ ಗಾಯಕಿಯನ್ನು ಒಬ್ಬ ಯಂತ್ರದ ಹುಡುಗ ಹೀಗೆ ಎಳೆದಾಡಿದರೆ ಸುಮ್ನೆ ಬಿಡುತ್ತಾರಾ? ಮುಟ್ಟಿದರೂ ಮುನಿಸಿಕೊಳ್ಳಬಾರದು, ಅಂಥ ನಂಬಿಕೆ ಹುಟ್ಟಿಸಬೇಕು. ಗೈಸ್‌ಬರ್ಗ್ ಗೆದ್ದದ್ದು ಅಲ್ಲಿ. ಹಾಡುವ ಮುಂಚಿನ ಅರ್ಧ ಗಂಟೆಯೇ ಅವನ ಅಸಲು ಕಸುಬು ಅಂತ ನಾನು ನಂಬಿದ್ದೇನೆ.

1902ನೇ ಇಸವಿ ಒಂದನ್ನೇ ತೆಗೆದುಕೊಳ್ಳಿ.

ಆ ವರ್ಷ ಮಾರ್ಚಿನಲ್ಲಿ ಅವನು ಮಿಲಾನ್‌ಗೆ ಹೋದ. ಲಾ ಸ್ಕಾಲಾ ಎಂಬ ಅಲ್ಲಿನ ಒಪೆರಾ ಮಂದಿರದಲ್ಲಿ ಒಬ್ಬ ಹೊಸ ಗಾಯಕನನ್ನು ಕೇಳಿದ. ಎನ್ರಿಕೊ ಕರೂಸೊ. ಹತ್ತು ಹಾಡಿಗೆ 100 ಪೌಂಡ್, ಒಂದೇ ಮಧ್ಯಾಹ್ನ ಹಾಡಿ ಮುಗಿಸುತ್ತೇನೆ ಅಂದ ಕರೂಸೊ. ಲಂಡನ್ನಿಗೆ ತಂತಿ ಕೊಟ್ಟರೆ, ಇಷ್ಟು ದುಡ್ಡು ಆಗದು, ಮುದ್ರಿಸಬೇಡ ಅಂತ ಉತ್ತರ ಬಂತಂತೆ. ಇದು ಗೈಸ್‌ಬರ್ಗೇ ಬರೆದುಕೊಂಡಿರುವ ಮಾತು, ಸ್ವಲ್ಪ ಉಪ್ಪುಖಾರ ಹಚ್ಚಿದ್ದರೂ ಇರಬಹುದು. ಹೇಗೂ ಏಪ್ರಿಲ್ 11ರಂದು ಗ್ರ್ಯಾಂಡ್ ಹೋಟೆಲಿನ ಕೋಣೆಯಲ್ಲಿ ಹತ್ತೂ ಹಾಡು ಮುದ್ರಣವಾದವು. ಹಿಂದಿನ ವರ್ಷವಷ್ಟೇ ಇಟಲಿಯ ದೊಡ್ಡ ಸಂಗೀತಗಾರ ವೆರ್ಡಿ ಕೊನೆಯುಸಿರೆಳೆದ ಹೋಟೆಲು ಅದು. ಆ ಹತ್ತು ಹಾಡು ಹೊರಗೆ ಬಂದ ಮೇಲೆ ಗ್ರಾಮಫೋನನ್ನು ಆಟಿಕೆ ಅನ್ನುವವರ ಬಾಯಿ ಕಟ್ಟಿತು. ಹೆಸರಾಂತ ಗಾಯಕಿಯರಾದ ಮೆಲ್ಬಾ ಬಂದರು, ಪಾಟಿ ಒಪ್ಪಿದರು. ಪಾಟಿ ಅಂತೂ ವೇಲ್ಸಿನ ತಮ್ಮ ಕೋಟೆಮನೆಗೇ ಯಂತ್ರ ತರಿಸಿಕೊಂಡರು, 1905ರಲ್ಲಿ. ಆಗ ಅವರಿಗೆ 62 ವರ್ಷ. ತಮ್ಮ ದನಿ ತಾವೇ ಮೊದಲ ಸಲ ಕೇಳಿಸಿಕೊಂಡು ಕಹಳೆಗೆ ಮುತ್ತು ಕೊಟ್ಟರಂತೆ.

ಅದೇ ಏಪ್ರಿಲ್ಲಿನಲ್ಲಿ ಫ್ರೆಡ್ಡೂ ಅವನ ತಮ್ಮ ವಿಲ್ಲೂ ರೋಮಿಗೆ ಹೋಗಿ ಅಲೆಸಾಂಡ್ರೊ ಮೊರೆಸ್ಕಿಯ ದನಿ ಹಿಡಿದರು. ಹುಡುಗರ ದನಿ ಒಡೆಯಬಾರದು ಅಂತ ಬೀಜ ತೆಗೆಸಿ ಗಾಯಕರನ್ನು ತಯಾರು ಮಾಡುತ್ತಿದ್ದ ಕ್ರೂರ ಪದ್ಧತಿ ಯುರೋಪಿನಲ್ಲಿತ್ತಲ್ಲ, ಆ ಸಾಲಿನ ಕೊನೆಯವನು. ಒಬ್ಬನೇ ಹಾಡಿ ಅಂಥ ದನಿಯನ್ನು ಪ್ಲೇಟಿನಲ್ಲಿ ಉಳಿಸಿಹೋದವನು ಅವನೊಬ್ಬನೇ. ಕೇಳಿದರೆ ಮೈ ಜುಂ ಅನ್ನುತ್ತದೆ.

ಮತ್ತೆ ಸೆಪ್ಟೆಂಬರಿನಲ್ಲಿ ಹಡಗು ಹತ್ತಿ, ಅಕ್ಟೋಬರ್ ಕೊನೆಗೆ ಕಲ್ಕತ್ತ.

ಇಲ್ಲಿ ನನಗೆ ಅವನ ಮೇಲೆ ಸ್ವಲ್ಪ ಕೋಪ ಇದೆ, ಹೇಳಿಬಿಡುತ್ತೇನೆ. ಪೂರ್ವದ ಕಿವಿಗೆ ತಾಳದ ಬಡಿತ ಸಾಕು ಅನ್ನುವ ಅರ್ಥದಲ್ಲಿ ಆತ ಬರೆದಿದ್ದಾನೆ. ಶುದ್ಧ ಅಡ್ಡಮಾತು. ರಾಗ ಅಂದರೇನು ಅಂತ ಅವನಿಗೆ ತಿಳಿದಿರಲಿಲ್ಲ. ಆದರೆ ಇನ್ನೊಂದು ಕಡೆ ನೋಡಿ. ಅಲ್ಲಿನ ಇಂಗ್ಲಿಷರನ್ನು ಒಳ್ಳೆ ಗಾಯಕರು ಯಾರು ಅಂತ ವಿಚಾರಿಸಿದರೆ ಅವರಿಗೆ ಏನೂ ಗೊತ್ತಿಲ್ಲ. ಇವರು ಬೇರೆ ಗ್ರಹದಲ್ಲಿ ಇದ್ದ ಹಾಗೆ ಇದ್ದಾರಲ್ಲ ಅಂತ ಬೇಸರಪಟ್ಟಿದ್ದೂ ಇವನೇ. ನಾಟಕದ ಮನೆಗಳಿಗೆ ಹೋದ, ಬಾಬುಗಳ ಮನೆ ಕೂಟಗಳಿಗೆ ಹೋದ, ಸ್ವಂತ ಕಿವಿಯಿಂದ ಕೇಳಿ ಆರಿಸಿದ. ನವೆಂಬರ್ 8ರಂದು ಮೊದಲು ಹಾಡಿದವರು ಕ್ಲಾಸಿಕ್ ಥಿಯೇಟರಿನ ಇಬ್ಬರು ಹುಡುಗಿಯರು, ಶೋಶಿಮುಖಿ ಮತ್ತು ಫಣಿಬಾಲಾ. ಮೂರು ದಿನ ಬಿಟ್ಟು ಗೌಹರ್ ಜಾನ್.

ಗೌಹರ್ ಬಂದಾಗಲೆಲ್ಲ ಹೊಸ ಉಡುಪು, ಹೊಸ ಒಡವೆ, ಹಾಕಿದ್ದನ್ನು ಮತ್ತೆ ಹಾಕುವುದಿಲ್ಲ. ಗೈಸ್‌ಬರ್ಗ್ ಬೆರಗಾಗಿ ಅದನ್ನೇ ಬರೆದಿದ್ದಾನೆ. ಗಂಡಸು ತಾನೆ. ನನಗೆ ಬೆರಗಾಗುವುದು ಬೇರೆ ವಿಷಯಕ್ಕೆ. ಒಂದು ಖಯಾಲ್ ಹಾಡಲು ಗಂಟೆ ತೆಗೆದುಕೊಳ್ಳುವ ಕಾಲ ಅದು. ಹತ್ತು ಇಂಚಿನ ತಟ್ಟೆಯಲ್ಲಿ ಇರುವುದು ಮೂರು ನಿಮಿಷ. ದೊಡ್ಡ ದೊಡ್ಡ ಉಸ್ತಾದರು ಇದೆಲ್ಲ ಆಗದ ಕೆಲಸ ಅಂತ ದೂರ ಉಳಿದರು. ಗೌಹರ್ ಆಲಾಪದ ಉದ್ದ ಕತ್ತರಿಸಿ, ಸೀದಾ ಬಂದಿಶ್‌ಗೆ, ಅಂದರೆ ಕಟ್ಟಿದ ಹಾಡಿಗೆ ಇಳಿದು, ಸರಸರ ನಾಲ್ಕು ತಾನ್, ಅಂದರೆ ವೇಗದ ಸ್ವರಮಾಲೆ ಹಾಕಿ, ರಾಗದ ಮುಖ ಪೂರ್ತಿ ತೋರಿಸಿ ನಿಲ್ಲಿಸಿದರು. ಇದನ್ನು ಹೀಗೆ ಮಾಡಿ ಅಂತ ಹೇಳಿಕೊಡುವ ತಿಳಿವಳಿಕೆ ಆ ಕೋಣೆಯಲ್ಲಿದ್ದ ಬಿಳಿಯರಿಗೆ ಯಾರಿಗೂ ಇರಲಿಲ್ಲ. ಏನು ಹಾಡಬೇಕು, ಎಷ್ಟು ಹಾಡಬೇಕು ಅಂತ ತೀರ್ಮಾನ ಮಾಡುವವರನ್ನು ನಿರ್ಮಾಪಕ ಅಂತ ಆಗಲೇ ಅಂದೆನಲ್ಲ? ಆ ಲೆಕ್ಕಕ್ಕೆ ಕಲ್ಕತ್ತೆಯ ಪ್ಲೇಟುಗಳಿಗೆ ಇಬ್ಬರು ನಿರ್ಮಾಪಕರು. ಒಬ್ಬನ ಹೆಸರು ಚರಿತ್ರೆಯಲ್ಲಿ ಇದೆ. ಇನ್ನೊಬ್ಬರನ್ನು ಬರೀ ಗಾಯಕಿ ಅಂತ ಬರೆದುಕೊಂಡಿದ್ದೇವೆ.

ಹಾಡು ಮುಗಿದ ಕೂಡಲೇ ಆಕೆ ಕಹಳೆಯೊಳಗೆ ಇಂಗ್ಲಿಷಿನಲ್ಲೇ ಕೂಗುತ್ತಾರೆ. "ಮೈ ನೇಮ್ ಈಸ್ ಗೌಹರ್ ಜಾನ್!" ಇದನ್ನು ಜಂಬ ಅಂದುಕೊಂಡವರಿದ್ದಾರೆ. ಕಾರಣ ತೀರಾ ಸಾದಾ. ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕು. ಅಲ್ಲಿ ಅಚ್ಚು ಹಾಕುವವನಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ? ಬೇರೆ ಗಾಯಕರೂ ಹೀಗೆ ಹೆಸರು ಹೇಳಿದ್ದಾರೆ. ಆದರೆ ಅದನ್ನೂ ಒಂದು ತಿಹಾಯಿಯ ಹಾಗೆ, ಮೂರು ಸಲ ಹೇಳಿ ಮುಗಿಸುವ ಮುಕ್ತಾಯದ ಹಾಗೆ, ಠೀವಿಯಿಂದ ಮುಗಿಸಿದವರು ಆಕೆ.

ಕೆಲವೇ ವಾರದಲ್ಲಿ ಐನೂರಕ್ಕೂ ಹೆಚ್ಚು ಮುದ್ರಣ ಮುಗಿಸಿ ಗೈಸ್‌ಬರ್ಗ್ ಜಪಾನಿಗೆ ಹೊರಟ. ಅಲ್ಲಿಂದ ಶಾಂಘೈ. ಆ ಸಲ ದಕ್ಷಿಣದ ಕಡೆ ಅವನ ಯಂತ್ರ ಬರಲಿಲ್ಲ. ಶೇಷಣ್ಣನವರ ವೀಣೆ ಆಗ ಇದೇ ಊರಿನ ಅರಮನೆಯಲ್ಲಿ ನುಡಿಯುತ್ತಿತ್ತು. ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಒಂದು ತಮಾಷೆ ಹೇಳಲಾ? ಗೈಸ್‌ಬರ್ಗ್ ಹುಟ್ಟಿದ್ದು 1873. ಕರೂಸೊ 1873. ಗೌಹರ್ ಜಾನ್ 1873. ಆಮೇಲೆ ಇವನ ಜೀವದ ಗೆಳೆಯನಾದ ರಷ್ಯಾದ ಗಾಯಕ ಶಲ್ಯಾಪಿನ್, ಅವನೂ 1873. ಜಾತಕ ನೋಡುವವರು ಯಾರಾದರೂ ಇದ್ದರೆ ಆಮೇಲೆ ಸಿಗಿ. ನನಗೆ ಇಷ್ಟು ಕಾಣುತ್ತದೆ. 1902ರಲ್ಲಿ ಇವರೆಲ್ಲ 29ರ ಪ್ರಾಯದವರು. ಹೊಸ ಯಂತ್ರಕ್ಕೆ ಹೆದರದ ವಯಸ್ಸು. ಹಿರಿಯರು ಬೇಡ ಅಂದದ್ದನ್ನು ಈ ವಾರಿಗೆಯವರು ತಗೊಂಡರು.

ಮುಂದಿನ ಇಪ್ಪತ್ತು ವರ್ಷವನ್ನು ಬೇಗ ದಾಟುತ್ತೇನೆ. ಯುದ್ಧ ಬಂತು. 1918ರಲ್ಲಿ ತಮ್ಮ ವಿಲ್ ಫ್ರಾನ್ಸಿನ ರಣರಂಗಕ್ಕೆ ಯಂತ್ರ ಹೊತ್ತು ಹೋಗಿ ಫಿರಂಗಿಗಳ ಸದ್ದು ಮುದ್ರಿಸಿಕೊಂಡು ಬಂದ. ಬಂದ ಕೆಲವೇ ವಾರಕ್ಕೆ ಆ ವರ್ಷದ ಕೆಟ್ಟ ಜ್ವರಕ್ಕೆ ತೀರಿಹೋದ. ಫ್ರೆಡ್ ಮದುವೆ ಆಗಲಿಲ್ಲ, ಲಂಡನ್ನಿನಲ್ಲಿ ಅಕ್ಕತಂಗಿಯರ ಜೊತೆ ಇದ್ದ.

1925ರಲ್ಲಿ ಮೈಕ್ ಬಂತು. ಬೆನ್ನ ಮೇಲೆ ಕೈಯಿಡುವ ಕಾಲ ಮುಗಿಯಿತು. ಐವತ್ತು ದಾಟಿದ ಮನುಷ್ಯನ ಕಸುಬೇ ಹೋಯಿತು ಅನ್ನಬೇಕಿತ್ತು. ಹಾಗಾಗಲಿಲ್ಲ, ಯಾಕೆಂದರೆ ಅವನ ಕಸುಬು ಯಂತ್ರದಲ್ಲಿ ಇರಲೇ ಇಲ್ಲ. ಎಲ್ಗರ್ ಎಂಬ ಇಂಗ್ಲೆಂಡಿನ ದೊಡ್ಡ ಸಂಗೀತಗಾರ ಮುದುಕನಾಗಿ ಬೇಸತ್ತು ಕೂತಿದ್ದಾಗ, ತನ್ನ ಕೃತಿಗಳನ್ನು ತಾನೇ ನಡೆಸಿಕೊಟ್ಟು ಮುದ್ರಿಸುವ ಹಾಗೆ ಹುರಿದುಂಬಿಸಿದವನು ಇವನೇ. 1931ರ ನವೆಂಬರಿನಲ್ಲಿ ಆಬಿ ರೋಡ್ ಸ್ಟುಡಿಯೋ ಶುರುವಾದದ್ದೂ ಎಲ್ಗರ್ ಕೈಯಿಂದ. ಮಾರನೇ ವರ್ಷ ಎಲ್ಗರ್‌ನ ಪಿಟೀಲು ಕೃತಿಗೆ 16ರ ಹುಡುಗ ಯೆಹೂದಿ ಮೆನುಹಿನ್‌ನನ್ನು ಜೋಡಿಸಿದ. ಅಜ್ಜನಿಗೆ 75. ಮುದ್ರಣಕ್ಕೆ ಮುಂಚೆ ಹುಡುಗ ನುಡಿಸಿ ತೋರಿಸಲು ಹೋದರೆ, ಎಲ್ಗರ್ ಸ್ವಲ್ಪ ಕೇಳಿ, ಸರಿಯಾಗಿದೆ ಬಿಡು ಅಂತ ಕುದುರೆ ಜೂಜಿಗೆ ಹೊರಟರಂತೆ. ಆ ಪ್ಲೇಟುಗಳನ್ನು ಜನ ಇವತ್ತಿಗೂ ಕೇಳುತ್ತಾರೆ.

1934ರ ಜನವರಿ 22. ಎಲ್ಗರ್ ಸಾಯುವ ಹಾಸಿಗೆಯಲ್ಲಿ, ವೂಸ್ಟರಿನ ಮನೆಯಲ್ಲಿ. ಲಂಡನ್ನಿನ ಸ್ಟುಡಿಯೋದಲ್ಲಿ ಅವರ ಕೃತಿಯ ಮುದ್ರಣ. ನಡುವೆ ಟೆಲಿಫೋನ್ ತಂತಿ ಎಳೆಸಿ, ಮಲಗಿದಲ್ಲೇ ವಾದ್ಯವೃಂದ ಕೇಳಿಸುವ ಹಾಗೆ, ಅವರು ಹೇಳಿದ್ದು ಅಲ್ಲಿಗೆ ಮುಟ್ಟುವ ಹಾಗೆ ಮಾಡಿದ್ದರು. ಗೈಸ್‌ಬರ್ಗ್ ಅವತ್ತು ಸ್ಟುಡಿಯೋದಲ್ಲಿ ಇರಲಿಲ್ಲ. ಹಾಸಿಗೆಯ ಪಕ್ಕದಲ್ಲಿದ್ದ. ಒಂದು ತಿಂಗಳಿಗೆ ಎಲ್ಗರ್ ಹೋದರು.

ಇನ್ನೊಂದೇ ಒಂದು. 1938ರ ಜನವರಿ 16, ವಿಯೆನ್ನಾ. ಬ್ರೂನೊ ವಾಲ್ಟರ್ ನಡೆಸಿಕೊಟ್ಟ ಮಾಹ್ಲರ್‌ನ ಒಂಬತ್ತನೆಯ ಸಿಂಫನಿ. ಕಛೇರಿ ನಡೆಯುತ್ತಿರುವಾಗಲೇ ಗೈಸ್‌ಬರ್ಗ್ ಮಾಡಿಸಿದ ಮುದ್ರಣ, ಹತ್ತು ಪ್ಲೇಟು, ಇಪ್ಪತ್ತು ಮುಖ. ವಾಲ್ಟರ್ ಯಹೂದಿ, ಮಾಹ್ಲರ್ ಯಹೂದಿ, ವಾದ್ಯವೃಂದದ ಮುಂದಾಳು ಅರ್ನಾಲ್ಡ್ ರೋಸೆ ಯಹೂದಿ. ಎರಡು ತಿಂಗಳೊಳಗೆ ಹಿಟ್ಲರನ ಸೈನ್ಯ ಆ ಊರಿಗೆ ನುಗ್ಗಿತು. ವಾಲ್ಟರ್ ಆ ಪ್ಲೇಟುಗಳನ್ನು ಮೊದಲು ಕೇಳಿದ್ದು ಪ್ಯಾರಿಸಿನಲ್ಲಿ, ಊರು ಕಳೆದುಕೊಂಡವರಾಗಿ. ಆ ಮುದ್ರಣದಲ್ಲಿ ಸಭಿಕರ ಕೆಮ್ಮೂ ಕೇಳಿಸುತ್ತದೆ. ಕೆಮ್ಮಿದ ಆ ಜನ ಆಮೇಲೆ ಏನಾದರೋ.

ಮುಂದಿನ ಸಾಲಿನಿಂದ ಹಿರಿಯರೊಬ್ಬರು ಚೀಟಿ ಕಳಿಸಿದ್ದಾರೆ. "ಹಾಗಾದರೆ ಇವನು ಸಂಗೀತಕ್ಕೆ ತಾನಾಗಿ ಏನು ಸೇರಿಸಿದ?" ಒಳ್ಳೆ ಪ್ರಶ್ನೆ ಸಾರ್. ಬಹುಶಃ ಏನೂ ಇಲ್ಲ. ಒಂದು ಸಲ ಕೂತರೆ ಎಷ್ಟು ಮುಖ ಆಗುತ್ತದೋ ಅಷ್ಟೂ ದನಿಯ ಫೋಟೋ ತೆಗೆಯುವುದು ನಮ್ಮ ಕೆಲಸ ಅಂತ ತನ್ನ ಕೆಳಗೆ ಬೆಳೆದ ವಾಲ್ಟರ್ ಲೆಗ್‌ಗೆ ಹೇಳಿದ್ದನಂತೆ. ಲೆಗ್ ಇದನ್ನು ಒಪ್ಪಲಿಲ್ಲ. ಮತ್ತೆ ಮತ್ತೆ ಹಾಡಿಸಿ, ತಿದ್ದಿ ತೀಡಿ, ಕಛೇರಿಗಿಂತ ಚೆನ್ನಾಗಿರುವುದನ್ನು ಸ್ಟುಡಿಯೋದಲ್ಲಿ ಕಟ್ಟಬೇಕು ಅನ್ನುವವನು. ಮೊದಲ ನಿಜವಾದ ನಿರ್ಮಾಪಕ ನಾನೇ ಅಂತಲೂ ಹೇಳಿಕೊಂಡ. ಈ ಲೆಗ್‌ಗೆ ಬೆನ್ನಿಗೆ ನಿಂತವರು ಯಾರು ಗೊತ್ತಲ್ಲ? ನಮ್ಮ ಜಯಚಾಮರಾಜ ಒಡೆಯರು. ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಸಂಸ್ಥೆಗೆ ಮೊದಲ ಅಧ್ಯಕ್ಷರಾದರು, ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳನ್ನು ಅವನ ಕೈಯಲ್ಲೇ ನುಡಿಸಿ ಮುದ್ರಿಸಲು ಹಣ ಕೊಟ್ಟರು. ಹಾಗಾಗಿ ಮೈಸೂರು ಈ ಜಗಳದಲ್ಲಿ ಎರಡೂ ಕಡೆ ಇದೆ.

ನನ್ನನ್ನು ಕೇಳಿದರೆ, ಲೆಗ್ ಕಲ್ಕತ್ತಕ್ಕೆ ಹೋಗಿದ್ದರೆ ಗೌಹರ್ ಜೊತೆ ಎರಡನೇ ದಿನಕ್ಕೇ ಕಿತ್ತಾಡಿಕೊಂಡಿರುತ್ತಿದ್ದ. ಗೈಸ್‌ಬರ್ಗ್ ತನಗೆ ಅರ್ಥವಾಗದ್ದನ್ನು ತಿದ್ದಲು ಹೋಗಲಿಲ್ಲ. ಅದು ವಿನಯವೋ, ರೈಲು ತಪ್ಪುತ್ತದೆ ಅನ್ನುವ ಅವಸರವೋ, ಎರಡೂ ಇರಬಹುದು.

1939ರಲ್ಲಿ ಕೆಲಸದಿಂದ ನಿವೃತ್ತನಾದ. 1951ರ ಸೆಪ್ಟೆಂಬರ್ 2ರಂದು ಲಂಡನ್ನಿನಲ್ಲಿ ತೀರಿಕೊಂಡ.

ಈಗ ಮಾತು ಸಾಕು, ಪ್ಲೇಟು ಹಾಕುತ್ತೇನೆ. ಮೊದಲಿಗೆ ಗರಗರ ಶಬ್ದ ಬರುತ್ತದೆ, ಗಾಬರಿಯಾಗಬೇಡಿ, ಯಂತ್ರ ಕೆಟ್ಟಿಲ್ಲ. ತಂಬೂರಿ ಹುಡುಕಬೇಡಿ, ಅಷ್ಟು ಮೆಲ್ಲನೆ ದನಿ ಆ ಕಹಳೆಗೆ ಸಿಗುತ್ತಿರಲಿಲ್ಲ. ಹಾಡು ನಿಂತ ಮೇಲೂ ಒಂದು ಕ್ಷಣ ತಡೆಯಿರಿ. ಆಕೆ ಹೆಸರು ಹೇಳುವುದು ಬಾಕಿ ಇರುತ್ತದೆ, ಅದಕ್ಕೂ ಮುಂಚೆ ಚಪ್ಪಾಳೆ ಹೊಡೆಯಬೇಡಿ. ಹಿಂದೆ ಕೂತವರು ದಯವಿಟ್ಟು ಆ ಫ್ಯಾನ್ ಆರಿಸಿ.